‘ಹುಡುಗನ ಥರ ಕಾಣಲ್ಲ’ ಅನ್ನೋ ವಿಮರ್ಶೆಯ ಸಮಸ್ಯೆ

‘ಶೀಸ್ ದ ಮ್ಯಾನ್’ ಚಿತ್ರದ ರಾಟನ್ ಟೊಮ್ಯಾಟೋಸ್ ಅಂಕ ನೂರಕ್ಕೆ ನಲವತ್ತರ ಆಸುಪಾಸಿನಲ್ಲಿದೆ. 2006ರ ಮಾರ್ಚ್‌ನಲ್ಲಿ ಬಂದ ಈ ಹಾಲಿವುಡ್ ಟೀನ್ ಕಾಮಿಡಿಯನ್ನು ಜನ ಇವತ್ತಿಗೂ ಮತ್ತೆ ಮತ್ತೆ ನೋಡ್ತಾರೆ. ಹಾಗಾದರೆ ವಿಮರ್ಶಕರು ನೋಡಿದ್ದೇನು?

ಮೊದಲು ಆ ಅಂಕದ ಲೆಕ್ಕ. ಅಲ್ಲಿ ಪ್ರತಿ ವಿಮರ್ಶೆಯೂ ಎರಡರಲ್ಲಿ ಒಂದು ಡಬ್ಬಿಗೆ ಬೀಳುತ್ತೆ: ಮೆಚ್ಚಿದರು, ಮೆಚ್ಚಲಿಲ್ಲ. ‘ಟೈಂಪಾಸ್‌ಗೆ ಓಕೆ, ಅಷ್ಟೇ’ ಅಂದವರೂ ‘ಸಹಿಸೋಕಾಗಲ್ಲ’ ಅಂದವರೂ ಒಟ್ಟಿಗೇ ಕೂತಿರಬಹುದು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಬಿಟ್‌ನ ಎಡಿಸಿ. ನಡುವಿನ ಸಿಗ್ನಲ್ ಎಲ್ಲ ಮಾಯ.

ಕಥೆ ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ನಾಟಕದ್ದು. ವಯೋಲಾ (ಅಮಾಂಡಾ ಬೈನ್ಸ್) ಓದುವ ಶಾಲೆ ಹುಡುಗಿಯರ ಫುಟ್‌ಬಾಲ್ ತಂಡವನ್ನು ರದ್ದು ಮಾಡುತ್ತೆ. ಆಕೆ ವಿಗ್ ಹಾಕಿಕೊಂಡು, ಅವಳಿ ಅಣ್ಣನ ಹೆಸರಲ್ಲಿ ಇನ್ನೊಂದು ಶಾಲೆ ಸೇರಿ ಹುಡುಗರ ತಂಡದಲ್ಲಿ ಆಡ್ತಾಳೆ.

ಆಗ ಪದೇಪದೇ ಕೇಳಿಬಂದ ಆಕ್ಷೇಪ: ಈಕೆಯನ್ನು ಹುಡುಗ ಅಂತ ಯಾರು ನಂಬ್ತಾರೆ? ರೋಜರ್ ಈಬರ್ಟ್ ಕೂಡ ಕಥೆಯನ್ನು ನಂಬಲಿಲ್ಲ, ಆದರೂ ಬೈನ್ಸ್‌ಗೆ ಮನಸೋತು ನಾಲ್ಕರಲ್ಲಿ ಮೂರು ಸ್ಟಾರ್ ಕೊಟ್ಟರು. ಜಾಣತನ ಅದು. ಯಾಕಂದ್ರೆ ಇಲ್ಲಿ ನಾವು ನಂಬಲೇಬೇಕಾಗಿಲ್ಲ. 1602ರಲ್ಲಿ ಲಂಡನ್ನಿನಲ್ಲಿ ಈ ನಾಟಕ ಆಡಿದಾಗ ವಯೋಲಾ ಆಗಿದ್ದವನು ಹುಡುಗನೇ. ಹೆಣ್ಣಿನ ಪಾತ್ರಗಳನ್ನೆಲ್ಲ ಹುಡುಗರೇ ಮಾಡಬೇಕಿತ್ತು. ಅಂದ್ರೆ ಹುಡುಗ ಹುಡುಗಿಯಾಗಿ, ಆ ಹುಡುಗಿ ಮತ್ತೆ ಹುಡುಗನಾಗಿ! ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೈನ್ಸ್ ದನಿ ದಪ್ಪ ಮಾಡಿ, ಭುಜ ಕುಣಿಸಿ ನಡೆಯುವಾಗ ನಗು ಬರೋದು ವೇಷ ಕೆಟ್ಟಿದೆ ಅಂತಲ್ಲ. ಗಂಡಸುತನ ಅನ್ನೋದೇ ಎಷ್ಟು ಕಲಿತ ನಟನೆ ಅಂತ ಕಾಣೋದಕ್ಕೆ.

ಚಿತ್ರದಲ್ಲಿ ನಿಜಕ್ಕೂ ಪ್ರಶ್ನಿಸಬೇಕಾದ ಜಾಗ ಬೇರೆ ಇತ್ತು. ಕ್ಲೈಮ್ಯಾಕ್ಸ್ ಪಂದ್ಯದಲ್ಲಿ ಅಣ್ಣ ಚಡ್ಡಿ ಇಳಿಸಿ, ತಂಗಿ ಅಂಗಿ ಎತ್ತಿ ತಾವು ಯಾರು ಅಂತ ‘ಸಾಬೀತು’ ಮಾಡ್ತಾರೆ. ಒಂದೂವರೆ ಗಂಟೆ ಲಿಂಗವನ್ನು ವೇಷ ಅಂತ ಆಡಿಸಿದ ಸಿನಿಮಾ ಕೊನೆಗೆ ತೀರ್ಪು ಕೇಳೋದು ದೇಹದ ಭಾಗಗಳನ್ನ. ಟ್ರಾನ್ಸ್ ವ್ಯಕ್ತಿಗಳನ್ನು ‘ತೋರಿಸು’ ಅಂತ ಪೀಡಿಸುವ ಲೋಕದಲ್ಲಿ ಈ ಜೋಕ್ ನನಗಂತೂ ಹಗುರ ಅನಿಸಲ್ಲ. ಇನ್ನು ತಂಡದ ವಿಷಯ: ಅಮೆರಿಕದಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ‘ಟೈಟಲ್ ನೈನ್’ ಕಾನೂನು 1972ರಲ್ಲೇ ಬಂದಿತ್ತು. ಹುಡುಗರ ತಂಡ ಉಳಿಸಿ ಹುಡುಗಿಯರದ್ದನ್ನು ಮಾತ್ರ ತೆಗೆದ ಶಾಲೆಯನ್ನು ಯಾರೂ ಕೋರ್ಟಿಗೆಳೆಯಲ್ಲ. ವಯೋಲಾ ಒಬ್ಬಳೇ ಗೆಲ್ತಾಳೆ, ಸಹ ಆಟಗಾರ್ತಿಯರ ಗತಿ ಕಥೆಗೆ ಬೇಕಾಗಿಲ್ಲ.

2018ರಲ್ಲಿ ‘ಪೇಪರ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಬೈನ್ಸ್ ಇನ್ನೊಂದು ವಿಷಯ ಹೇಳಿದರು. ಸಿನಿಮಾ ನೋಡಿದ ಮೇಲೆ ನಾಲ್ಕರಿಂದ ಆರು ತಿಂಗಳು ಖಿನ್ನತೆಗೆ ಜಾರಿದ್ದರಂತೆ. ಹುಡುಗನಾಗಿ ತಾನು ಕಾಣುವ ರೀತಿ ಅವರಿಗೆ ಇಷ್ಟವಾಗಲಿಲ್ಲ. ಪರದೆಯ ಮೇಲೆ ಹುಡುಗನೇ ಕಾಣಲಿಲ್ಲ ಅಂತ ಎಷ್ಟೋ ಜನ ಗೊಣಗಿದ್ದು ಇದೇ ವೇಷದ ಬಗ್ಗೆ. ಅದನ್ನ ಓದಿದ ಮೇಲೆ ಸಿನಿಮಾ ಇನ್ನೊಮ್ಮೆ ನೋಡಿದೆ. ಫುಟ್‌ಬಾಲ್ ದೃಶ್ಯಗಳಿಗೆ ಈಗಲೂ ನಕ್ಕೆ. ವಿಗ್ ಹಾಕಿಸಿಕೊಳ್ಳುವ ದೃಶ್ಯ ಬಂದಾಗ ಮಾತ್ರ ನಗು ಬರಲಿಲ್ಲ.