ಪುಟ್ಟ ಕಾರು, ತುಂಬು ಸಂಸಾರ

ಮಧ್ಯಮ ವರ್ಗದ ಸಂಸಾರವೊಂದು ಊರಿಗೆ ಹೊರಟಿತೆಂದರೆ ಅದೊಂದು ಸಣ್ಣ ವಲಸೆಯೇ ಸರಿ. ಹೋಗುವಾಗ ಮಕ್ಕಳ ಬಟ್ಟೆ, ಔಷಧದ ಚೀಲ, ತಿಂಡಿಯ ಡಬ್ಬಿ. ಬರುವಾಗ ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ, ಬಾಳೆಗೊನೆ. ಹಿಂದೆ ಈ ಭಾರವನ್ನೆಲ್ಲ ಬಸ್ಸಿನ ತಲೆಯ ಮೇಲೆ ಹೇರಿ ನಾವು ನಿಶ್ಚಿಂತೆಯಿಂದ ಕಿಟಕಿಯ ಪಕ್ಕದಲ್ಲಿ ಕುಳಿತುಬಿಡುತ್ತಿದ್ದೆವು. ಈಗ ಅನೇಕರ ಮನೆಯ ಮುಂದೆ ವಿದ್ಯುತ್ತಿನಿಂದ ಓಡುವ ಪುಟ್ಟ ಕಾರು ಬಂದು ನಿಂತಿದೆ. ಅದಕ್ಕೆ ಹೊಗೆಯಿಲ್ಲ, ಗದ್ದಲವಿಲ್ಲ. ನಗರದ ಕಿರಿದಾದ ಬೀದಿಗಳಲ್ಲಿ ಅದು ಮೀನಿನಂತೆ ನುಸುಳಿ ಹೋಗುತ್ತದೆ. ಆದರೆ ಊರಿಗೆ ಹೊರಡುವ ದಿನ ಅದರ ಡಿಕ್ಕಿಯನ್ನು ತೆರೆದು ನಿಂತ ಗೃಹಸ್ಥನ ಮುಖವನ್ನು ನೋಡಬೇಕು!

ಆ ಮುಖ ಕಳೆದ ಬೇಸಿಗೆಯಲ್ಲಿ ನನ್ನದಾಗಿತ್ತು. ತಂದೆಯವರು ತೀರಿಕೊಂಡು ಒಂದು ವರ್ಷವಾಗಿತ್ತು. ತಿಪಟೂರಿನ ಬಳಿಯ ನಮ್ಮ ಹಳ್ಳಿಯ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಬೆಂಗಳೂರಿಗೆ ಬಂದು ನಮ್ಮೊಡನೆ ಇರಲು ಬಹಳ ಒತ್ತಾಯದ ಮೇಲೆ ಒಪ್ಪಿದ್ದಳು. ಅವಳನ್ನು ಕರೆತರಲು ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು ನಮ್ಮ ಪುಟ್ಟ ಕಾರಿನಲ್ಲಿ ಹೋದೆವು. ಜಗಲಿಯ ಮೇಲೆ ಅಮ್ಮ ಜೋಡಿಸಿಟ್ಟಿದ್ದ ಸಾಮಾನನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು. ತಗಡಿನ ದೊಡ್ಡ ಟ್ರಂಕು, ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳು, ಎರಡು ಉಪ್ಪಿನಕಾಯಿ ಜಾಡಿ, ತಂದೆಯವರ ಪುಸ್ತಕಗಳು, ಅರವತ್ತು ತೆಂಗಿನಕಾಯಿಯ ಒಂದು ಗೋಣಿಚೀಲ, ಕೊನೆಗೆ ಕುಂಡದಲ್ಲಿ ನೆಟ್ಟ ತುಳಸಿ.

"ಅಮ್ಮಾ, ಇದೆಲ್ಲ ಹಿಡಿಸುವುದಿಲ್ಲ" ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

ಅಮ್ಮ ಕಾರಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ನನ್ನ ನಾಲ್ಕು ಪಾತ್ರೆಗೆ ಜಾಗವಿಲ್ಲದ ಕಡೆ ನನಗೇನಪ್ಪಾ ಜಾಗ?" ಎಂದು ಒಳಗೆ ಹೋಗಿಬಿಟ್ಟಳು.

ಲೀಟರಿನ ಲೆಕ್ಕ

ಅಮ್ಮನ ಮಾತಿಗೆ ಉತ್ತರ ಹುಡುಕುವ ಮೊದಲು ಕಾರಿನ ಜಾಗವೆಂದರೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ. ವಿದ್ಯುತ್ ಕಾರು ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿಯೇ ಬೆಂಗಳೂರಿನಿಂದ 'ರೇವಾ' ಹೊರಬಂದಿತು. ಸುಮಾರು 2.6 ಮೀಟರ್ ಉದ್ದದ ಆ ಎರಡು ಬಾಗಿಲಿನ ಕಾರಿನಲ್ಲಿ ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದಾಗಿತ್ತು. ಮಕ್ಕಳಿದ್ದರೆ ಸಾಮಾನಿಲ್ಲ, ಸಾಮಾನಿದ್ದರೆ ಮಕ್ಕಳಿಲ್ಲ ಎಂಬಂತಿದ್ದ ಆ ಕಾರು ಲಂಡನ್ನಿನ ಬೀದಿಗಳಲ್ಲಿಯೂ 'ಜಿ-ವಿಜ್' ಎಂಬ ಹೆಸರಿನಿಂದ ಓಡಾಡಿತು.

ಅಂದಿನಿಂದ ಕಾರಿನ ಹೊಟ್ಟೆ ಕೊಂಚ ದೊಡ್ಡದಾಗಿದೆ. 2022ರಲ್ಲಿ ಬಂದ ಟಾಟಾ ಟಿಯಾಗೊ ಇವಿಯ ಡಿಕ್ಕಿ 240 ಲೀಟರಿನದು. 2023ರಲ್ಲಿ ಬಂದ ಎಂಜಿ ಕಾಮೆಟ್ ಮೂರು ಮೀಟರಿಗೂ ಗಿಡ್ಡ. ಅದರಲ್ಲಿ ಹಿಂದಿನ ಸೀಟಿಗೂ ಬಾಗಿಲಿಗೂ ನಡುವೆ ಹೆಸರಿಗಷ್ಟೇ ಜಾಗ. ಆದರೆ ಆ ಸೀಟನ್ನು ಎರಡು ಭಾಗವಾಗಿ ಮಡಚಬಹುದಾದ್ದರಿಂದ, ಒಬ್ಬರು ಹಿಂದೆ ಕುಳಿತರೂ ಇನ್ನೊಂದು ಪಾಲು ಸಾಮಾನಿಗೆ ದೊರೆಯುತ್ತದೆ.

ಎಂಜಿನ್ ಇಲ್ಲವಲ್ಲ, ಬಾನೆಟ್ಟಿನ ಕೆಳಗೆ ಬೇಕಾದಷ್ಟು ಜಾಗವಿರಬೇಕಲ್ಲ ಎಂದು ಕೆಲವರು ಕೇಳುವುದುಂಟು. ಪುಟ್ಟ ಕಾರಿನಲ್ಲಿ ಆ ಸ್ಥಳವನ್ನು ಮೋಟಾರು, ಅದರ ನಿಯಂತ್ರಕ, 12 ವೋಲ್ಟಿನ ಸಣ್ಣ ಬ್ಯಾಟರಿ ಮೊದಲಾದವು ಆಕ್ರಮಿಸಿಕೊಂಡಿರುತ್ತವೆ. ಮುಂದೆ ಪೆಟ್ಟಿಗೆಯಿರುವ ಟಾಟಾ ಪಂಚ್ ಇವಿಯಲ್ಲಿಯೂ ಅದರ ಅಳತೆ 14 ಲೀಟರ್ ಮಾತ್ರ. ಒಂದು ಕೈಚೀಲಕ್ಕೆ ಸಾಕು.

ಇನ್ನು ಈ 'ಲೀಟರ್' ಎಂಬುದು ನೀರಿನ ಅಳತೆಯಲ್ಲ. 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು, ಅಂದರೆ ಒಂದೊಂದು ಲೀಟರಿನ ಇಟ್ಟಿಗೆಗಳನ್ನು, ಡಿಕ್ಕಿಯಲ್ಲಿ ಜೋಡಿಸುತ್ತ ಹೋಗಿ, ಎಷ್ಟು ಹಿಡಿಸಿದವೆಂದು ಎಣಿಸುವ ಪದ್ಧತಿಯೊಂದು ಬಳಕೆಯಲ್ಲಿದೆ. ಇದರಲ್ಲಿಯೇ ಒಂದು ಪಾಠವಡಗಿದೆ. ಸಣ್ಣ ತುಂಡುಗಳು ಮೂಲೆಮೂಲೆಗೂ ಸೇರುತ್ತವೆ. ದೊಡ್ಡ ಟ್ರಂಕು ಸೇರುವುದಿಲ್ಲ. ಡಿಕ್ಕಿಯ ಲೀಟರುಗಳೆಲ್ಲ ನಮ್ಮದಾಗಬೇಕಾದರೆ ಗಡುಸು ಪೆಟ್ಟಿಗೆಗಳನ್ನು ಬಿಟ್ಟು, ಹಿಸುಕಿದರೆ ಬಗ್ಗುವ ಬಟ್ಟೆಯ ಚೀಲಗಳನ್ನು ಹಿಡಿಯಬೇಕು.

ಎತ್ತಿನ ಗಾಡಿಯ ಪಾಠ

ಇದನ್ನೆಲ್ಲ ನಾನು ಹೆಂಡತಿಗೆ ವಿವರಿಸುತ್ತಿದ್ದಾಗ ಅಮ್ಮ ಹೊರಗೆ ಬಂದಳು. ಸೊಸೆ ಒಳಗೆ ಹೋಗಿ ಏನು ಹೇಳಿದ್ದಳೋ ತಿಳಿಯದು. "ಸರಿ ಕಣಪ್ಪಾ, ನೀನು ಪಕ್ಕಕ್ಕೆ ನಿಲ್ಲು" ಎಂದು ಟ್ರಂಕಿನ ಮುಚ್ಚಳ ತೆರೆದಳು. ಅದರೊಳಗೆ ಅರ್ಧದಷ್ಟು ಗಾಳಿಯೇ ತುಂಬಿತ್ತು!

ಮುಂದಿನ ಒಂದು ಗಂಟೆಯಲ್ಲಿ ನಾನು ಕಲಿತದ್ದು ಯಾವ ಕೈಪಿಡಿಯಲ್ಲಿಯೂ ಇಲ್ಲ. ಹಂಡೆಯೊಳಗೆ ಕೊಳದಪ್ಪಲೆ, ಅದರೊಳಗೆ ಚೊಂಬು, ಚೊಂಬಿನೊಳಗೆ ಲೋಟ, ಲೋಟದೊಳಗೆ ಕುಂಕುಮದ ಭರಣಿ. ನಡುನಡುವೆ ಸದ್ದಾಗದಂತೆ ಹಳೆಯ ಸೀರೆಗಳು. ಟ್ರಂಕಿನಲ್ಲಿ ಜಾಗ ಹಿಡಿದಿದ್ದ ಸೀರೆಗಳು ಪಾತ್ರೆಗಳ ಹಾಸಿಗೆಯಾದವು. ಜಾಡಿಗಳು ಹೊದಿಕೆಗಳ ನಡುವೆ ನೆಟ್ಟಗೆ ನಿಂತವು. ತೆಂಗಿನಕಾಯಿಯ ಒಂದೇ ದೊಡ್ಡ ಮೂಟೆ ಒಡೆದು ನಾಲ್ಕು ಸಣ್ಣ ಚೀಲಗಳಾಗಿ ಸಂದುಗೊಂದುಗಳಿಗೆ ಇಳಿಯಿತು.

ನಾನು ಪುಸ್ತಕದ ಕಟ್ಟನ್ನು ಡಿಕ್ಕಿಯ ಬಾಗಿಲಿನ ಅಂಚಿಗೆ ಇಡಲು ಹೋದಾಗ ಅಮ್ಮ ತಡೆದಳು. "ಗಾಡಿ ಹೇರಿ ಗೊತ್ತಿಲ್ಲವೇನೋ ನಿನಗೆ? ಮುಂಭಾರವಾದರೆ ಎತ್ತಿನ ಹೆಗಲು ಸೋಲುತ್ತದೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ತೂಕದ್ದೆಲ್ಲ ಅಚ್ಚಿನ ಹತ್ತಿರ ಇರಬೇಕು."

ಎತ್ತಿನ ಗಾಡಿಗೆ ಸಲ್ಲುವ ಈ ನಿಯಮ ವಿದ್ಯುತ್ ಕಾರಿಗೂ ಸಲ್ಲುತ್ತದೆ. ಭಾರವೆಲ್ಲ ಹಿಂದಿನ ಅಚ್ಚಿನ ಆಚೆಗೆ ನೇತುಬಿದ್ದರೆ ಮುಂದಿನ ಗಾಲಿಗಳು ಹಗುರವಾಗಿ, ಕಾರಿನ ಹಿಡಿತ ಸಡಿಲುತ್ತದೆ. ಆದುದರಿಂದ ಪುಸ್ತಕ, ಕಾಯಿ, ಹಂಡೆಗಳಂಥ ತೂಕದ ವಸ್ತುಗಳು ನೆಲಕ್ಕಂಟಿ, ಹಿಂದಿನ ಸೀಟಿನ ಬೆನ್ನಿಗೆ ಒರಗಿಕೊಂಡಿರಬೇಕು. ಹಗುರವಾದವು ಅವುಗಳ ಮೇಲೆ.

ಮರೆಯಬಾರದ ಮಾತುಗಳು

ಸೀಟಿನ ಬೆನ್ನಿಗಿಂತ ಎತ್ತರಕ್ಕೆ, ಗಾಜಿನ ಬಳಿಯ ಹಲಗೆಯ ಮೇಲೆ, ಗಟ್ಟಿ ವಸ್ತುವನ್ನು ಎಂದೂ ಇಡಬಾರದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಏನಾದರೂ ಡಿಕ್ಕಿ ಹೊಡೆದು ನಿಂತರೆ, ಕಟ್ಟಿಲ್ಲದ ಜಾಡಿ ಅದೇ ವೇಗದಿಂದ ಮುಂದಕ್ಕೆ ಹಾರುತ್ತದೆ. ಅದು ಸುಮಾರು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕನೆಯ ಮಹಡಿಯಿಂದ, ಬಿದ್ದ ಜಾಡಿಯ ಹೊಡೆತಕ್ಕೆ ಸಮ. ಹಿಂದಿನ ಸೀಟಿನ ಮೇಲೆ ಸಾಮಾನಿಡುವುದಾದರೆ ಅದಕ್ಕೂ ಬೆಲ್ಟು ಬಿಗಿಯುವುದು ಲೇಸು.

ಜಾಗವಿದೆಯೆಂದು ತುಂಬುತ್ತಲೇ ಹೋಗಬಾರದು. ಕಾರು ಹೊರಬಲ್ಲ ಒಟ್ಟು ಭಾರಕ್ಕೆ ಮಿತಿಯುಂಟು. ಕುಳಿತವರ ತೂಕವನ್ನು ಕಳೆದು ಉಳಿದದ್ದಷ್ಟೇ ಸಾಮಾನಿನ ಪಾಲು. ನಮ್ಮ ಅರವತ್ತು ಕಾಯಿಗಳೇ ಸುಮಾರು 30 ಕಿಲೋಗ್ರಾಂ ತೂಗುತ್ತಿದ್ದವು. ಪೂರ್ಣ ಭಾರಕ್ಕೆ ಟಯರಿನಲ್ಲಿ ಎಷ್ಟು ಗಾಳಿಯಿರಬೇಕೆಂಬುದನ್ನು ಕೈಪಿಡಿಯಲ್ಲಿ ನೋಡಿ, ಹೊರಡುವ ಮೊದಲೇ ತುಂಬಿಸಬೇಕು.

ಮಾಡಿನ ಮೇಲೆ ಹೇರುವ ಆಸೆ ವಿದ್ಯುತ್ ಕಾರಿನಲ್ಲಿ ದುಬಾರಿಯಾದೀತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹೆದ್ದಾರಿಯಲ್ಲಿ ಮಾಡಿನ ಮೇಲಿನ ಮೂಟೆ ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ. ಅದೇ ಭಾರ ಒಳಗಿದ್ದರೆ ನಷ್ಟ ಕಡಿಮೆ. ಏರು ಹತ್ತುವಾಗ ಹೆಚ್ಚಾಗಿ ವ್ಯಯವಾದ ಶಕ್ತಿಯಲ್ಲಿ ಒಂದಿಷ್ಟು, ಇಳಿಯುವಾಗ ಮೋಟಾರೇ ಜನರೇಟರಾಗಿ ತಿರುಗಿ ಹಿಂದಕ್ಕೆ ಬರುತ್ತದೆ. ಸಾಮಾನು ಬಿಗಿಯಲು ನೆಲಕ್ಕೆ ಮೊಳೆ, ಕೊಕ್ಕೆ ಹೊಡೆಯುವ ಸಾಹಸವೂ ಬೇಡ. ಅಲ್ಲಿ ಬ್ಯಾಟರಿಯೂ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ತಂತಿಗಳೂ ಇರಬಹುದು.

ಎಲ್ಲಕ್ಕಿಂತ ಮುಖ್ಯವಾದುದನ್ನು ನಾನು ಕಷ್ಟಪಟ್ಟು ಕಲಿತೆ. ಹಳ್ಳಿಗೆ ಹೋಗುವಾಗ ಚಾರ್ಜಿಂಗ್ ಕೇಬಲ್ಲನ್ನು ಜಾಣತನದಿಂದ ಡಿಕ್ಕಿಯ ತಳದಲ್ಲಿ ಸುತ್ತಿಟ್ಟಿದ್ದೆ. ರಾತ್ರಿ ಮಳೆಯಲ್ಲಿ ಮನೆ ತಲುಪಿ, ಹದಿನೈದು ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬೇಕಾದಾಗ, ಇಡೀ ಡಿಕ್ಕಿಯನ್ನು ಜಗಲಿಗೆ ಇಳಿಸಬೇಕಾಯಿತು. ಕೇಬಲ್ ಯಾವಾಗಲೂ ಕೊನೆಗೆ ಒಳಗೆ ಹೋಗಿ, ಮೊದಲಿಗೆ ಹೊರಗೆ ಬರಬೇಕು. ಸ್ಟೆಪ್ನಿಯಿಲ್ಲದ ಕಾರುಗಳಲ್ಲಿ ಪಂಕ್ಚರ್ ಸರಿಪಡಿಸುವ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ.

ಉಳಿದ ಟ್ರಂಕು

ಕೊನೆಗೆ ಎಲ್ಲವೂ ಹಿಡಿಸಿತು, ಟ್ರಂಕೊಂದನ್ನು ಬಿಟ್ಟು. ಅದು ಅಮ್ಮ ಮದುವೆಯಾಗಿ ಈ ಮನೆಗೆ ಬಂದಾಗ ತಂದದ್ದು. ಅದಕ್ಕಾಗಿ ನಾನು ಇನ್ನೊಮ್ಮೆ ಬರುತ್ತೇನೆಂದೆ. ಅಮ್ಮ ಉತ್ತರ ಹೇಳದೆ ಖಾಲಿ ಟ್ರಂಕಿನೊಳಗೆ ಮನೆಯ ಬೀಗದ ಎರಡನೆಯ ಕೈಯನ್ನೂ ತನ್ನದೊಂದು ಸೀರೆಯನ್ನೂ ಇಟ್ಟು ಮುಚ್ಚಿದಳು. "ಇಲ್ಲೇ ಇರಲಿ. ಬಂದಾಗ ಉಟ್ಟುಕೊಳ್ಳಲು ಬೇಕಲ್ಲ" ಎಂದಳು. ಈ ಮನೆಯನ್ನು ಅವಳು ಬಿಟ್ಟು ಬರುತ್ತಿಲ್ಲ, ಎರಡು ಮನೆಗಳನ್ನು ಇಟ್ಟುಕೊಳ್ಳುತ್ತಿದ್ದಾಳೆ ಎಂಬುದು ನನಗೆ ಅರ್ಥವಾದದ್ದು ಆಗಲೇ.

ತುಳಸಿಯ ಕುಂಡ ಹಿಂದಿನ ಸೀಟಿನ ಕೆಳಗೆ, ಅಮ್ಮನ ಪಾದಗಳ ನಡುವೆ ಕುಳಿತಿತು. ತುಮಕೂರಿನಲ್ಲಿ ಚಾರ್ಜಿಗೆ ನಿಲ್ಲಿಸಿದಾಗ ಎಲ್ಲರೂ ಕಾಫಿಗೆ ಇಳಿದೆವು. ಅಮ್ಮ ಮಾತ್ರ ಇಳಿಯಲಿಲ್ಲ. ಮೊಮ್ಮಗಳು ತಂದುಕೊಟ್ಟ ಲೋಟದ ನೀರಿನಲ್ಲಿ ಅರ್ಧ ತಾನು ಕುಡಿದು, ಅರ್ಧವನ್ನು ತುಳಸಿಗೆ ಎರೆದಳು.