ಕೈಗೆಟಕುವ ಶುಚಿತ್ವ

ಅಳದಂಗಡಿಯ ರೋಗಿಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಣವಾಗದಿದ್ದರೆ ಮುಂದಿನ ದಾರಿ ಬೆಳ್ತಂಗಡಿಯ ತಾಲೂಕು ಆಸ್ಪತ್ರೆ, ಅಲ್ಲಿಂದ ಮಂಗಳೂರಿನ ವೆನ್‌ಲಾಕ್. 1848ರಲ್ಲಿ ಶುರುವಾದ ವೆನ್‌ಲಾಕ್‌ಗೆ ನೆರೆಜಿಲ್ಲೆಗಳಿಂದಲೂ ಕಾಸರಗೋಡಿನಿಂದಲೂ ಜನ ಬರುತ್ತಾರೆ. ಹಲವು ಊರಿನವರು ಒಂದೇ ವಾರ್ಡಿನಲ್ಲಿ ಮಲಗಿದಾಗ ಅವರ ರೋಗಾಣುಗಳೂ ಬೆರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ಮಂದಿಯಲ್ಲಿ 15 ಮಂದಿಗೆ ಅಲ್ಲಿಯೇ ಹೊಸ ಸೋಂಕು ತಗಲುತ್ತದೆ. ಶ್ರೀಮಂತ ದೇಶಗಳಲ್ಲಿ 7 ಮಂದಿಗೆ. ಹಾಗೆ ತಗಲಿಸಿಕೊಂಡ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಇದಕ್ಕೆ ನಾವು ಸಾಮಾನ್ಯವಾಗಿ ಸಿಬ್ಬಂದಿಯ ಉದಾಸೀನವನ್ನು ದೂರುತ್ತೇವೆ. ಆದರೆ ಪುರಾವೆಗಳು ಬೊಟ್ಟು ಮಾಡುವುದು ವ್ಯವಸ್ಥೆಯ ಕಡೆಗೆ.

ಕೈ ತೊಳೆದರೆ ಜೀವ ಉಳಿಯುತ್ತದೆಂದು 1847ರಲ್ಲಿಯೇ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಇಗ್ನಾಝ್ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟಿದ್ದ. ಗೊತ್ತಿದ್ದೂ ಯಾಕೆ ತೊಳೆಯುವುದಿಲ್ಲ? 1997ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಉತ್ತರ ಹೇಳುತ್ತದೆ. 12 ಸಿಬ್ಬಂದಿಯ ತೀವ್ರ ನಿಗಾ ಘಟಕದಲ್ಲಿ ನಿಯಮದಂತೆ ಪ್ರತಿ ಸಲವೂ ಸಿಂಕಿಗೆ ಹೋಗಿ ಸೋಪಿನಲ್ಲಿ ತೊಳೆದರೆ, ಒಂದೇ ಪಾಳಿಯಲ್ಲಿ ಎಲ್ಲರದೂ ಸೇರಿ 16 ಗಂಟೆ ಅದಕ್ಕೇ ಹೋಗುತ್ತದೆ. ಹಾಸಿಗೆಯ ಬಳಿಯೇ ಇರುವ ಆಲ್ಕೋಹಾಲ್ ದ್ರಾವಣ ಸವರಿಕೊಂಡರೆ 3 ಗಂಟೆ ಸಾಕು. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ವೈದ್ಯ ಡಿಡಿಯೆ ಪಿಟೆಯ ತಂಡ ಹಿಡಿದದ್ದು ಈ ದಾರಿಯನ್ನೇ. 1994ರಿಂದ 1997ರೊಳಗೆ ಅಲ್ಲಿ ಕೈಶುಚಿಯ ಪಾಲನೆ ಶೇ. 48ರಿಂದ 66ಕ್ಕೆ ಏರಿತು, ಆಸ್ಪತ್ರೆ ಸೋಂಕು 1998ರ ಹೊತ್ತಿಗೆ ಶೇ. 16.9ರಿಂದ 9.9ಕ್ಕೆ ಇಳಿಯಿತು. ಈ ಇಳಿಕೆಯೆಲ್ಲ ಕೈಶುಚಿಯೊಂದರದೇ ಫಲವೆನ್ನಲಾಗದು. ಬೇರೆ ಕ್ರಮಗಳೂ ಜೊತೆಗಿದ್ದವು. ಆದರೂ ಕೈಗೆ ಸಿಗುವಲ್ಲಿ ಬಾಟಲಿ ಇಟ್ಟರೆ ಜನ ಬಳಸುತ್ತಾರೆ ಎಂಬುದಂತೂ ಖಚಿತವಾಯಿತು.

ನೆಲದ ಮಾತೂ ಹೀಗೆಯೇ. ಫಿನೈಲ್ ವಾಸನೆ ಬಂದರೆ ಶುಚಿಯಾಯಿತೆಂದು ನಂಬುತ್ತೇವೆ. ಆದರೆ ಸ್ಟ್ಯಾಫಿಲೋಕಾಕಸ್, ಅಸಿನೆಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಒಣ ಮೇಲ್ಮೈಗಳ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲವು. ಅಪಾಯ ಹೆಚ್ಚಿರುವುದು ಎಲ್ಲರೂ ಮುಟ್ಟುವ ಮಂಚದ ಸರಳು, ಡ್ರಿಪ್ ಸ್ಟ್ಯಾಂಡ್, ಸ್ವಿಚ್ಚು, ಬಾಗಿಲ ಹಿಡಿಗಳಲ್ಲಿ. ಕಣ್ಣಿಗೆ ಕಾಣದ, ವಿಶೇಷ ಬೆಳಕಿನಲ್ಲಷ್ಟೇ ಹೊಳೆಯುವ ಗುರುತುಗಳನ್ನು ಇಂಥ ಜಾಗಗಳಿಗೆ ಹಚ್ಚಿ, ಅವು ಒರೆಸಿಹೋಗಿವೆಯೇ ಎಂದು ಅಮೆರಿಕದ 36 ಆಸ್ಪತ್ರೆಗಳಲ್ಲಿ ನೋಡಲಾಯಿತು. 2008ರಲ್ಲಿ ಬಂದ ಫಲಿತಾಂಶದಂತೆ ಒರೆಸಿದ್ದು ಶೇ. 48 ಮಾತ್ರ. ಎಲ್ಲಿ ಬಿಟ್ಟುಹೋಗಿದೆಯೆಂದು ಶುಚಿ ಸಿಬ್ಬಂದಿಗೆ ತಿಳಿಸಿ ಕಲಿಸಿದ ಮೇಲೆ ಅದು ಶೇ. 77ಕ್ಕೆ ಏರಿತು. ಮೊದಲು ಸೋಪುನೀರಿನಲ್ಲಿ ಕೊಳೆ ತೆಗೆದು ಆಮೇಲೆ ಕ್ಲೋರಿನ್ ದ್ರಾವಣ ಹಾಕಬೇಕು, ಏಕೆಂದರೆ ಕೊಳೆಯೇ ಕ್ಲೋರಿನ್‌ನ ಶಕ್ತಿಯನ್ನು ತಿಂದುಹಾಕುತ್ತದೆ. ಶೌಚಾಲಯದ ಮಾಪು ವಾರ್ಡಿಗೆ ಬರಬಾರದು. ಇದನ್ನು ಯಾರೂ ಹೇಳಿಕೊಡದೆ ಗ್ರೂಪ್ ಡಿ ನೌಕರರನ್ನು ಗದರಿಸಿ ಫಲವಿಲ್ಲ.

ಗ್ಲೌಸ್ ಇದೆಯಲ್ಲ ಎನ್ನುವವರುಂಟು. ಒಂದೇ ಗ್ಲೌಸಿನಲ್ಲಿ ಇಬ್ಬರನ್ನು ಮುಟ್ಟಿದರೆ ಅದೂ ರೋಗಾಣು ಸಾಗಿಸುವ ಕೈಯೇ. ಬಿಚ್ಚುವಾಗ ಕೈಗೂ ಅಂಟುತ್ತದೆ. ಆಲ್ಕೋಹಾಲ್ ಎಲ್ಲಕ್ಕೂ ಮದ್ದಲ್ಲ ಎಂಬ ಆಕ್ಷೇಪ ಮಾತ್ರ ನಿಜ: ಕೈಗೆ ರಕ್ತ, ಕೊಳೆ ಮೆತ್ತಿದ್ದರೆ ಸೋಪುನೀರೇ ಬೇಕು, ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಕಗಳಿಗೂ ಅದೇ ಬೇಕು. ಇನ್ನು ಹಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಬೇಕಾದ್ದು ಶೇ. 80 ಎಥನಾಲ್, ತುಸು ಗ್ಲಿಸರಿನ್, ತುಸು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಶುದ್ಧ ನೀರು. ಆಸ್ಪತ್ರೆಯ ಔಷಧ ವಿಭಾಗದಲ್ಲೇ ತಯಾರಿಸಬಹುದು. ಸೋಂಕು ಹಿಡಿದವನಿಗೆ ಕೊಡಬೇಕಾಗುವ ಆ್ಯಂಟಿಬಯಾಟಿಕ್‌ಗಿಂತ ಇದು ಅಗ್ಗ.

2015ರಲ್ಲಿ ಬಂದ ಕೇಂದ್ರದ ಕಾಯಕಲ್ಪ ಯೋಜನೆ ಸರಕಾರಿ ಆಸ್ಪತ್ರೆಗಳ ಶುಚಿತ್ವಕ್ಕೂ ಸೋಂಕು ನಿಯಂತ್ರಣಕ್ಕೂ ಅಂಕ ಕೊಟ್ಟು ಬಹುಮಾನ ನೀಡುತ್ತದೆ. ತಪಾಸಣೆಯ ದಿನ ಮಾತ್ರ ಹೊಳೆಯುತ್ತದೆ ಎಂಬ ಸಂಶಯಕ್ಕೆ ತಪಾಸಣೆ ನಿಲ್ಲಿಸುವುದು ಪರಿಹಾರವಲ್ಲ. ಉಳಿದ ದಿನಗಳನ್ನೂ ಅಳೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಒದಗಬಲ್ಲ ಆರೋಗ್ಯ ರಕ್ಷಾ ಸಮಿತಿಗಳಿವೆ. ಕಳೆದ ತಿಂಗಳು ಕೈಗೆ ಹಾಕುವ ದ್ರಾವಣ ಎಷ್ಟು ಲೀಟರ್ ಖರ್ಚಾಯಿತು, ಹೆರಿಗೆ ಕೋಣೆಯ ನಲ್ಲಿಯಲ್ಲಿ ಎಷ್ಟು ದಿನ ನೀರಿರಲಿಲ್ಲ, ಶುಚಿಗೊಳಿಸುವವರಿಗೆ ತರಬೇತಿ ಕೊಟ್ಟದ್ದು ಯಾವಾಗ ಎಂದು ಅಳದಂಗಡಿಯ ಸಮಿತಿ ಪ್ರತಿ ಸಭೆಯಲ್ಲೂ ಕೇಳಿ ಬರೆದಿಡಬಹುದು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಅನುದಾನವೂ ಬೇಡ.