ಬಚ್ಚಲ ಕೊಳವೆಯಲ್ಲಿ ಗಾಳಿಯ ಒತ್ತಡ

ಮನೆಯ ಕೊಳೆನೀರನ್ನು ಹೊರಸಾಗಿಸುವ ಕೊಳವೆಗಳಲ್ಲಿ ದಿನದ ಬಹುಪಾಲು ಹೊತ್ತು ಗಾಳಿಯೇ ತುಂಬಿರುತ್ತದೆ. ಮೇಲಂತಸ್ತಿನಿಂದ ನೀರು ಬಿಟ್ಟಾಗಲೂ ಅದು ನೆಟ್ಟಗೆ ನಿಂತ ಕೊಳವೆಯ ಒಳಗೋಡೆಗೆ ಅಂಟಿಕೊಂಡು ಇಳಿಯುವುದರಿಂದ ನಡುಭಾಗ ಗಾಳಿಯ ದಾರಿಯಾಗಿ ಉಳಿಯುತ್ತದೆ. ಈ ಗಾಳಿಯ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾಗಿರುವವರೆಗೆ ಬಚ್ಚಲು, ಶೌಚಾಲಯಗಳು ಸದ್ದಿಲ್ಲದೆ, ವಾಸನೆಯಿಲ್ಲದೆ ಕೆಲಸ ಮಾಡುತ್ತವೆ. ಆ ಸಮತೋಲ ತಪ್ಪಿದಾಗ ಮನೆಮಂದಿಯ ಆರೋಗ್ಯವನ್ನೇ ತಟ್ಟುವ ತೊಂದರೆಗಳು ತಲೆದೋರಬಹುದು.

ಸಮತೋಲ ಇಷ್ಟು ಸೂಕ್ಷ್ಮವಾಗಿರಲು ಕಾರಣ ‘ಟ್ರ್ಯಾಪ್’ ಎಂದು ಕರೆಯಲಾಗುವ ಬಾಗಿದ ಕೊಳವೆ. ಸಿಂಕಿನ ಕೆಳಗೆ, ಕಮೋಡಿನ ಒಳಗೆ, ಬಚ್ಚಲಿನ ಜಾಲರಿಯ ಅಡಿಯಲ್ಲಿ ಇರುವ ಈ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿದ್ದು, ಚರಂಡಿಯ ದುರ್ಗಂಧವೂ ಕ್ರಿಮಿಕೀಟಗಳೂ ಒಳಬಾರದಂತೆ ತಡೆಯುತ್ತದೆ. ಹುಟ್ಟಿನಿಂದ ಸ್ಕಾಟ್ಲೆಂಡಿನವನಾಗಿದ್ದು ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಶೌಚಾಲಯದ ವಿನ್ಯಾಸದಲ್ಲಿ ಇಂಥ ಬಾಗು ಇತ್ತು. ಇಂದಿನ ಎಲ್ಲ ಟ್ರ್ಯಾಪ್‌ಗಳ ತತ್ತ್ವವೂ ಅದೇ. ಹೀಗೆ ನಿಂತ ನೀರಿನ ತಡೆಯ ಆಳ ಸಾಮಾನ್ಯವಾಗಿ 50 ಮಿಲಿಮೀಟರ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಿಸಬಲ್ಲದು ಎಂಬುದನ್ನು ನೆನೆದರೆ, ಅದರ ಇನ್ನೂರರಲ್ಲಿ ಒಂದು ಪಾಲಿನಷ್ಟು ಏರುಪೇರು ಸಾಕು ಈ ತಡೆಯನ್ನು ಮುರಿಯಲು ಎಂಬುದು ಸ್ಪಷ್ಟವಾಗುತ್ತದೆ.

ಅಂಥ ಏರುಪೇರು ಕೊಳವೆಯೊಳಗೇ ಹುಟ್ಟಬಹುದು. ಮೇಲಿನ ಮನೆಯಲ್ಲಿ ಫ್ಲಶ್ ಮಾಡಿದಾಗ ರಭಸದಿಂದ ಇಳಿಯುವ ನೀರು ತನ್ನೊಂದಿಗೆ ಗಾಳಿಯನ್ನೂ ಎಳೆದೊಯ್ಯುವುದರಿಂದ ಹಿಂದೆ ಒತ್ತಡ ಕುಸಿದು, ಪಕ್ಕದ ಟ್ರ್ಯಾಪ್‌ಗಳ ನೀರು ಕೊಳವೆಯ ಕಡೆಗೆ ಸೆಳೆಯಲ್ಪಡುತ್ತದೆ. ಸಿಂಕಿನಲ್ಲಿ ಕೇಳಿಬರುವ ಗೊಳಗೊಳ ಸದ್ದು ಹಲವೊಮ್ಮೆ ಇದರದೇ ಸೂಚನೆ. ಬುಡದಲ್ಲಿ ಕೊಳವೆ ಅಡ್ಡಕ್ಕೆ ತಿರುಗುವೆಡೆ ಇದಕ್ಕೆ ವಿರುದ್ಧವಾಗಿ ಗಾಳಿ ಒತ್ತೊತ್ತಾಗಿ ಸಿಲುಕಿ, ನೆಲಮಹಡಿಯ ಕಮೋಡಿನಲ್ಲಿ ಗುಳ್ಳೆಗಳಾಗಿ ಮೇಲೇಳಬಹುದು. ಈ ಎರಡೂ ತೊಂದರೆಗಳಿಗೆ ಪರಿಹಾರವಾಗಿ ಕೊಳವೆಯನ್ನು ತಾರಸಿಯ ಮೇಲಕ್ಕೆ ಮುಂದುವರಿಸಿ ಬಾಯಿ ತೆರೆದಿಡಲಾಗುತ್ತದೆ. ‘ವೆಂಟ್ ಪೈಪ್’ ಎಂಬ ಈ ಗಾಳಿ ಕೊಳವೆಯ ಮೂಲಕ ಬೇಕಾದಾಗ ಗಾಳಿ ಒಳಬಂದು, ಹೆಚ್ಚಾದಾಗ ಹೊರಹೋಗಿ ಒತ್ತಡ ಸಮನಾಗುತ್ತದೆ.

ಆದರೆ ತೆರೆದ ಬಾಯಿಗೆ ಹೊರಗಿನ ಬಿರುಗಾಳಿಯೂ ತಾಗುತ್ತದೆ. ಕೊಳವೆಯ ಬಾಯಿಯ ಮೇಲೆ ಗಾಳಿ ಅಡ್ಡಹಾಯ್ದರೆ ಒಳಗಿನ ಒತ್ತಡ ಇಳಿಯುತ್ತದೆ. ಎತ್ತರದ ಗೋಡೆಗೆ ಬಡಿದು ಕೆಳಮುಖವಾಗಿ ನುಗ್ಗಿದರೆ ಏರುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯ ಬಲ ಸುಮಾರು 6 ಮಿಲಿಮೀಟರ್ ನೀರಿನ ಒತ್ತಡಕ್ಕೆ ಸಮ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುವುದರಿಂದ, 72 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 24 ಮಿಲಿಮೀಟರ್‌ಗೆ, ಅಂದರೆ ನೀರಿನ ತಡೆಯ ಹೆಚ್ಚುಕಡಿಮೆ ಅರ್ಧಕ್ಕೆ ಮುಟ್ಟುತ್ತದೆ. ಗಾಳಿಮಳೆಯ ರಾತ್ರಿಗಳಲ್ಲಿ ಕಮೋಡಿನ ನೀರು ತಾನಾಗಿಯೇ ತೊನೆಯುವುದಕ್ಕೆ ಇದೇ ಕಾರಣ. ಹಾಗೆ ತೊನೆಯುವಾಗ ಪ್ರತಿಸಲವೂ ಸ್ವಲ್ಪ ನೀರು ಅಂಚು ದಾಟಿ ಚರಂಡಿಗೆ ಚೆಲ್ಲುತ್ತ ತಡೆ ಕ್ರಮೇಣ ತೆಳುವಾಗುತ್ತದೆ. ಆದ್ದರಿಂದಲೇ ಗಾಳಿ ಕೊಳವೆಯನ್ನು ಸುಳಿಗಾಳಿ ಏಳುವ ಗೋಡೆಮೂಲೆಗಳಿಂದ ದೂರವಿರಿಸಿ, ಬಾಯಿಗೆ ‘ಕೌಲ್’ ಎಂಬ ರಂಧ್ರಗಳುಳ್ಳ ಟೊಪ್ಪಿಗೆಯನ್ನು ತೊಡಿಸುವುದು ವಾಡಿಕೆ.

ಈ ತಡೆ ಇಲ್ಲವಾದರೆ ಏನಾಗಬಹುದು ಎಂಬುದನ್ನು 2003ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯ ಜಗತ್ತಿಗೆ ತೋರಿಸಿತು. ಅಲ್ಲಿ 300ಕ್ಕೂ ಹೆಚ್ಚು ನಿವಾಸಿಗಳಿಗೆ ಸಾರ್ಸ್ ಸೋಂಕು ತಗುಲಿ, 40ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ನಿವಾಸಿಗಳು ಬಚ್ಚಲ ನೆಲವನ್ನು ನೀರು ಸುರಿದು ತೊಳೆಯುವ ಬದಲು ಒರೆಸುತ್ತಿದ್ದುದರಿಂದ ನೆಲದ ಟ್ರ್ಯಾಪ್‌ಗಳು ಒಣಗಿದ್ದವು. ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಬಚ್ಚಲಿನ ಒತ್ತಡ ಇಳಿದು, ಕೊಳವೆಯೊಳಗಿನ ಸೋಂಕಿನ ಹನಿಗಳು ಒಳಸೆಳೆಯಲ್ಪಟ್ಟಿರಬೇಕೆಂದು ತನಿಖೆಗಳು ಅಭಿಪ್ರಾಯಪಟ್ಟವು.

ಕರ್ನಾಟಕದ ಮನೆಗಳೂ ಈ ಅಪಾಯದಿಂದ ಹೊರತಲ್ಲ. ‘ನಹಾನಿ ಟ್ರ್ಯಾಪ್’ ಎಂದು ಹೆಸರಾದ ಬಚ್ಚಲ ಟ್ರ್ಯಾಪ್‌ಗಳಲ್ಲಿ ಕೆಲವಕ್ಕೆ ಜಾಲರಿಯ ಕೆಳಗೆ ಬೋರಲು ಹಾಕಿದ ಬಟ್ಟಲೊಂದಿದ್ದು, ಅದರ ಅಂಚು ನೀರಿನಲ್ಲಿ ಮುಳುಗಿದ್ದರೆ ಮಾತ್ರ ತಡೆ ಉಂಟಾಗುತ್ತದೆ. ಕೂದಲು ಸಿಕ್ಕಿ ನೀರು ನಿಧಾನವಾಗುತ್ತದೆಂದು ಅದನ್ನೇ ಕಿತ್ತೆಸೆದರೆ ಚರಂಡಿಗೂ ಮನೆಗೂ ನಡುವೆ ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬೀಗ ಹಾಕಿದ ಮನೆಯ ಟ್ರ್ಯಾಪ್‌ಗಳು ಬೇಗನೆ ಆರಿಹೋಗುತ್ತವೆ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಸುರಿಯುವುದೇ ಇದಕ್ಕೆ ಮದ್ದು.

ಕಟ್ಟುವಾಗ ತೋರುವ ಉಪೇಕ್ಷೆಗೆ ಮಾತ್ರ ಇಷ್ಟು ಸುಲಭದ ಪರಿಹಾರವಿಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೆಯ ಭಾಗ ಕೊಳಾಯಿ ಸೇವೆಗಳಿಗೇ ಮೀಸಲಾಗಿದ್ದರೂ, ಖರ್ಚುಳಿಸಲು ಗಾಳಿ ಕೊಳವೆಯನ್ನು ಕೈಬಿಡುವುದು, ವಾಸನೆಯ ನೆಪದಲ್ಲಿ ಅದರ ಬಾಯಿ ಮುಚ್ಚುವುದು ಸಣ್ಣ ಮನೆಗಳಲ್ಲಿ ಅಪರೂಪವಲ್ಲ. ಒಮ್ಮೆ ಟೈಲ್ಸ್ ಕೂರಿಸಿದ ಮೇಲೆ ಇಂಥ ಕೊರತೆಯನ್ನು ಸರಿಪಡಿಸಲು ಗೋಡೆ ಒಡೆಯಬೇಕಾಗುತ್ತದೆ. ಆದಕಾರಣ ನಲ್ಲಿಗಳ ಬಣ್ಣ, ಬ್ರ್ಯಾಂಡುಗಳನ್ನು ಆರಿಸುವ ಮುನ್ನ ಪ್ರತಿಯೊಂದು ಟ್ರ್ಯಾಪ್‌ಗೂ ಗಾಳಿ ಎಲ್ಲಿಂದ ಬರುತ್ತದೆ ಎಂದು ಪ್ಲಂಬರನನ್ನು ಕೇಳಿ ತಿಳಿಯುವುದು ಮನೆ ಕಟ್ಟಿಸುವವರ ಮೊದಲ ಕರ್ತವ್ಯವಾಗಬೇಕು.